ಅಜ್ಜಿಯ ಹೆಸರಿಗೊಂದು ಜೊತೆ

ಮಗುವಿಗೆ ಹೆಸರು ಹುಡುಕುವ ಕೆಲಸ ಹಿಂದೆ ಇಷ್ಟು ತಲೆನೋವಿನದಾಗಿರಲಿಲ್ಲ. ಮೊದಲ ಗಂಡು ಮಗುವಿಗೆ ತಂದೆಯ ತಂದೆಯ ಹೆಸರು, ಮೊದಲ ಹೆಣ್ಣಿಗೆ ತಂದೆಯ ತಾಯಿಯ ಹೆಸರು. ಆಮೇಲೆ ಹುಟ್ಟಿದವಕ್ಕೆ ತಾಯಿಯ ಕಡೆಯ ಹಿರಿಯರು ಕಾದಿರುತ್ತಿದ್ದರು. ಅವರೂ ಮುಗಿದರೆ ಮನೆದೇವರು ಇದ್ದೇ ಇದ್ದ. ಈಗ ಹಾಗಲ್ಲ. ಹೆಸರು ಎರಡೇ ಅಕ್ಷರದ್ದಾಗಿರಬೇಕು, ನೆರೆಹೊರೆಯಲ್ಲಿ ಯಾರಿಗೂ ಇರಬಾರದು, ಸಂಸ್ಕೃತದಲ್ಲಿ ಒಳ್ಳೆಯ ಅರ್ಥವಿರಬೇಕು, ಪರದೇಶದವರ ನಾಲಗೆಗೂ ಸುಲಭವಾಗಿ ಹೊರಳಬೇಕು. ಇಷ್ಟೆಲ್ಲ ಜರಡಿ ಹಿಡಿದ ಮೇಲೆ ಉಳಿಯುವುದು ಅನ್ವಿ, ಆದ್ಯಾ, ಇರಾ. ಅದೇ ಜರಡಿಯನ್ನು ಎಲ್ಲರೂ ಹಿಡಿಯುವುದರಿಂದ ಶಾಲೆಗೆ ಹೋದರೆ ಒಂದೇ ತರಗತಿಯಲ್ಲಿ ಮೂವರು ಆದ್ಯಾ!

ಇಷ್ಟರ ನಡುವೆ ಮನೆಯ ಹಿರಿಯರು ಮೆಲ್ಲಗೆ ಒಂದು ಮಾತು ತೆಗೆಯುತ್ತಾರೆ: “ಅಜ್ಜಿಯ ಹೆಸರನ್ನೂ ಸೇರಿಸಿದರೆ ಚೆನ್ನಾಗಿತ್ತಲ್ಲ?” ಸುಬ್ಬಲಕ್ಷ್ಮಿ, ನಾಗರತ್ನಮ್ಮ, ಗಂಗವ್ವ, ತಿಮ್ಮಕ್ಕ ಎಂಬ ಹೆಸರನ್ನು ಈ ಕಾಲದ ಕೂಸಿಗೆ ನೇರವಾಗಿ ಇಡಲು ತಂದೆತಾಯಿಗೆ ಧೈರ್ಯವಿಲ್ಲ. ಬೇಡವೆನ್ನಲು ಮನಸ್ಸೂ ಇಲ್ಲ. ಅಲ್ಲಿಗೆ ರಾಜಿಯೊಂದು ಏರ್ಪಡುತ್ತದೆ. ಹೊಸ ಹೆಸರು ಮುಂದೆ, ಹಳೆಯ ಹೆಸರು ಹಿಂದೆ. ಎರಡನೆಯ ಹೆಸರಾಗಿ ಅಜ್ಜಿ ಮನೆಯಲ್ಲೇ ಉಳಿಯುತ್ತಾಳೆ.

ಒಂದು ಕೂಸಿಗೆ ಎರಡು ಹೆಸರು ನಮಗೆ ಹೊಸದೇನಲ್ಲ. ಶಾಸ್ತ್ರೋಕ್ತ ನಾಮಕರಣದಲ್ಲಿ ದೇವತೆಯ ಹೆಸರು, ಮಾಸದ ಹೆಸರು, ನಕ್ಷತ್ರದ ಹೆಸರು, ವ್ಯವಹಾರದ ಹೆಸರು ಎಂದು ನಾಲ್ಕು ಇಡುವುದುಂಟು. ನಕ್ಷತ್ರದ ಅಕ್ಷರ ನೋಡುವ ಮನೆಗಳಲ್ಲಿ ಆರಿದ್ರೆಯಲ್ಲಿ ಹುಟ್ಟಿದವರಿಗೆ ಕು, ಘ, ಙ, ಛ ಎಂದು ಪಂಚಾಂಗ ಹೇಳುತ್ತದೆ. ಙ ಅಕ್ಷರದಿಂದ ಮೊದಲಾಗುವ ಹೆಸರನ್ನು ಯಾವ ಪಂಡಿತ ಹುಡುಕಿಯಾನು? ಅದಕ್ಕೇ ಆ ಹೆಸರು ಸಂಕಲ್ಪಕ್ಕೆ, ಕರೆಯುವುದಕ್ಕೆ ಬೇರೊಂದು. ಇದಕ್ಕಿಂತ ಬಲವಾದ ಕಾರಣವೂ ಒಂದಿತ್ತು. ಸೊಸೆಯಾದವಳು ಅತ್ತೆಯ ಹೆಸರು ಹಿಡಿದು ಕರೆಯುವಂತಿರಲಿಲ್ಲ. ಅತ್ತೆಯ ಹೆಸರನ್ನೇ ಹೊತ್ತ ಮಗಳನ್ನು ಬಯ್ಯುವುದಾದರೂ ಹೇಗೆ? ಆದ್ದರಿಂದ ತೊಟ್ಟಿಲಲ್ಲಿ ಸಾವಿತ್ರಿಯಾದವಳು ಅಡಿಗೆಮನೆಯಲ್ಲಿ ಪುಟ್ಟಿಯಾದಳು, ಬೇಬಿಯಾದಳು. ಹೀಗೆ ಅಜ್ಜಿಯ ಹೆಸರು ಮನೆಯಲ್ಲಿದ್ದೂ ಯಾರ ಬಾಯಲ್ಲೂ ಇರುತ್ತಿರಲಿಲ್ಲ.

ಈ ಮಾತನ್ನು ನೆನಪಿನಲ್ಲಿಟ್ಟುಕೊಂಡೇ ಇಂದಿನ ತಂದೆತಾಯಿ ಹೆಸರು ಜೋಡಿಸಬೇಕು. ಜೋಡಿ ಹೊಂದಿತೇ ಇಲ್ಲವೇ ಎಂಬುದನ್ನು ಕಾಗದ ಹೇಳುವುದಿಲ್ಲ, ಬಾಯಿ ಹೇಳುತ್ತದೆ. ‘ಮೀರಾ ಅಂಬುಜಾಕ್ಷಿ’ ಎಂದು ಬರೆದರೆ ಚಂದ. ಸ್ವಲ್ಪ ಅವಸರದಲ್ಲಿ ಕೂಗಿದರೆ ‘ಮೀರಾಂಬುಜಾಕ್ಷಿ’. ಮೇಷ್ಟರು ಹಲಗೆಯ ಮೇಲೆ ಬರೆದು ತೋರಿಸಬೇಕಾಗಿದ್ದ ಸವರ್ಣದೀರ್ಘ ಸಂಧಿ ಮನೆಯ ಬಾಗಿಲಲ್ಲೇ ಆಗಿಬಿಡುತ್ತದೆ! ಮೊದಲ ಹೆಸರು ಆಕಾರದಲ್ಲಿ ಮುಗಿದರೆ ಎರಡನೆಯದು ವ್ಯಂಜನದಿಂದ ತೊಡಗುವುದು ಕ್ಷೇಮ. ಮೀರಾ ರುಕ್ಮಿಣಿ, ಮೀರಾ ಜಾನಕಿ ಎಂದರೆ ಎರಡೂ ಬೇರೆ ಬೇರೆಯಾಗಿ ಕೇಳಿಸುತ್ತವೆ.

ಉದ್ದದ ವಿಷಯವೂ ಹಾಗೆಯೇ. ಸಂಯುಕ್ತಾ ತ್ರಿಪುರಸುಂದರಿ ಎಂದರೆ ಗೂಡ್ಸ್ ಗಾಡಿ ನಿಲ್ದಾಣ ದಾಟಿದಂತೆ. ಸಂಯುಕ್ತಾ ಗೌರಿ ಎಂದರೆ ಸಾಕು. ಹಳೆಯ ಹೆಸರು ಉದ್ದವಾಗಿದ್ದರೆ ಹೊಸದು ಚಿಕ್ಕದಿರಲಿ: ಇರಾ ವಿಶಾಲಾಕ್ಷಿ, ಅನ್ವಿ ಕೃಷ್ಣವೇಣಿ. ಹೆಣ್ಣು ಮಗುವಿನ ಹೆಸರು ಸುಖವಾಗಿ ಉಚ್ಚರಿಸುವಂತಿರಬೇಕು, ದೀರ್ಘ ಸ್ವರದಲ್ಲಿ ಮುಗಿಯಬೇಕು ಎಂದು ಮನುಸ್ಮೃತಿಯೂ ಹೇಳುತ್ತದೆ. ಆ ಗ್ರಂಥದ ಉಳಿದ ಮಾತುಗಳ ಬಗ್ಗೆ ಹೆಣ್ಣುಮಕ್ಕಳಿಗೆ ಎಷ್ಟೇ ತಕರಾರಿರಲಿ, ದೂರದಿಂದ ಕೂಗಿ ಕರೆಯಲು ಕೊನೆಯ ದೀರ್ಘ ಅನುಕೂಲವೆಂಬುದು ತಾಯಂದಿರಿಗೆ ಶಾಸ್ತ್ರವಿಲ್ಲದೆಯೂ ಗೊತ್ತು.

ಕಿವಿಗೆ ಹೊಂದಿದ ಮೇಲೆ ಅರ್ಥವನ್ನೂ ಒಮ್ಮೆ ನೋಡಬೇಕು. ಶಶಿ ಇಂದುಮತಿ ಎಂದರೆ ಒಂದೇ ಆಕಾಶದಲ್ಲಿ ಎರಡು ಚಂದ್ರ. ಪದ್ಮಾ ಕಮಲಾಕ್ಷಿ ಎಂದರೆ ತಾವರೆಯ ಮೇಲೊಂದು ತಾವರೆ. ಇವು ನಕ್ಕು ಬಿಡುವ ಸಂಗತಿ. ಎಲ್ಲವೂ ಹಾಗಲ್ಲ. ಗಂಗಾ, ಭಾಗೀರಥಿ ಎರಡೂ ಚೆಲುವಾದ ಹಳೆಯ ಹೆಸರುಗಳೇ. ಆದರೆ ಎರಡನ್ನೂ ಸೇರಿಸಿ ‘ಗಂಗಾ ಭಾಗೀರಥಿ’ ಎಂದರೆ ಮರಾಠಿ ಬಲ್ಲವರು ಬೆಚ್ಚಿಬೀಳುತ್ತಾರೆ. ವಿಧವೆಯರ ಹೆಸರಿನ ಹಿಂದೆ ‘ಗಂ. ಭಾ.’ ಎಂದು ಹಚ್ಚುವ ಪದ್ಧತಿ ಅಲ್ಲಿತ್ತು. 2023ರಲ್ಲಿ ಮಹಾರಾಷ್ಟ್ರ ಸರ್ಕಾರದಲ್ಲಿ ಆ ಪದವನ್ನು ಮತ್ತೆ ಬಳಸುವ ಪ್ರಸ್ತಾಪ ಬಂದಾಗ ಹೆಣ್ಣುಮಕ್ಕಳು ವಿರೋಧಿಸಿದ್ದು ಸುಮ್ಮನಲ್ಲ. ಗಡಿಯ ಜಿಲ್ಲೆಗಳ ಕನ್ನಡಿಗರು ಈ ಜೋಡಿಯನ್ನು ಬಿಡುವುದೇ ಒಳ್ಳೆಯದು.

ಹಳೆಯ ಹೆಸರು ತೀರ ಹಳೆಯದಾಯಿತೆಂದು ಹಿಂಜರಿಯುವವರಿಗೆ ಸುಲಭದ ದಾರಿಯೊಂದಿದೆ. ಮೈಸೂರು ಕಡೆಯ ‘ಅಮ್ಮ’, ಧಾರವಾಡದ ಕಡೆಯ ‘ಅವ್ವ’, ಮತ್ತೆ ಕೆಲವೆಡೆಯ ‘ಅಕ್ಕ’ ಇವು ಗೌರವಕ್ಕೆಂದು ಬಂದು ಸೇರಿಕೊಂಡವು. ಅವನ್ನು ಮೆಲ್ಲಗೆ ಬಿಡಿಸಿದರೆ ಒಳಗಿನ ಹೆಸರು ಹೊಳೆಯುತ್ತದೆ. ನೀಲವ್ವನೊಳಗೆ ನೀಲಾ, ಗೌರಮ್ಮನೊಳಗೆ ಗೌರಿ, ಗಂಗಮ್ಮನೊಳಗೆ ಗಂಗೆ. ಹೊನ್ನಮ್ಮ ಹಳ್ಳಿಗಾಡಿನ ಹೆಸರೆಂದು ಮೂಗು ಮುರಿಯುವವರು, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿದ್ದು ‘ಹದಿಬದೆಯ ಧರ್ಮ’ ಬರೆದ ಸಂಚಿಯ ಹೊನ್ನಮ್ಮನನ್ನು ನೆನೆಯಬಹುದು. ಹೊನ್ನು ಎಂದರೆ ಬಂಗಾರ. ಅದನ್ನೇ ಸಂಸ್ಕೃತದಲ್ಲಿ ‘ಸುವರ್ಣಾ’ ಎಂದರೆ ಫ್ಯಾಷನ್, ಕನ್ನಡದಲ್ಲಿ ಹೇಳಿದರೆ ಹಳೆಯದು, ಇದಾವ ನ್ಯಾಯ?

ಕೆಲವು ಹಳೆಯ ಹೆಸರುಗಳು ನೋವಿನಲ್ಲೇ ಹುಟ್ಟಿದವು ಎಂಬುದನ್ನೂ ಮರೆಯುವಂತಿಲ್ಲ. ಹುಟ್ಟಿದ ಕೂಸುಗಳು ಒಂದರ ಹಿಂದೊಂದು ತೀರಿಹೋದಾಗ, ಸಾವಿನ ಕಣ್ಣು ಬೀಳದಿರಲೆಂದು ತಿಪ್ಪಣ್ಣ, ತಿಪ್ಪಮ್ಮ, ಗುಂಡಪ್ಪ, ಕಲ್ಲವ್ವ ಎಂದು ಹೆಸರಿಟ್ಟರು. ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದಾಗ ‘ಇನ್ನು ಸಾಕು’ ಎಂದು ಸಾಕಮ್ಮ, ಸಾಕವ್ವ ಎಂದರು. ಇಂಥ ಹೆಸರನ್ನು ಮೊಮ್ಮಗಳ ಹೆಗಲಿಗೆ ಹಾಕಬೇಕೆ? ಹಾಕಲೇಬೇಕೆಂಬ ಕಟ್ಟಳೆಯಿಲ್ಲ. ಆದರೆ ಹೆಸರು ಇಟ್ಟವರ ಅರ್ಥವೇ ಕೊನೆಯ ಅರ್ಥವೂ ಅಲ್ಲ. ಬೆಂಗಳೂರಿನಲ್ಲಿ ಕಾಫಿಪುಡಿಯ ಉದ್ಯಮ ಕಟ್ಟಿ ಹೆಸರಾದ ಹೆಣ್ಣುಮಗಳು ಒಬ್ಬ ಸಾಕಮ್ಮನವರೇ. ಬಸವನಗುಡಿಯಲ್ಲಿ ಇಂದಿಗೂ ಸಾಕಮ್ಮ ಗಾರ್ಡನ್ ಇದೆ. ‘ಸಾಕು’ ಎಂಬ ಕ್ರಿಯಾಪದಕ್ಕೆ ಸಲಹು ಎಂಬ ಅರ್ಥವೂ ಕನ್ನಡದಲ್ಲಿದೆ ಎಂಬುದನ್ನು ಆಕೆ ಬದುಕಿ ತೋರಿಸಿದರು. ಹಾಗೆಯೇ ಗುಂಡಪ್ಪನೆಂಬ ಹೆಸರು ಕೇಳಿದೊಡನೆ ಕನ್ನಡಿಗರಿಗೆ ಇಂದು ನೆನಪಾಗುವುದು ಕಲ್ಲಲ್ಲ, ಡಿ.ವಿ.ಜಿ.ಯವರು.

ಅಜ್ಜಿಯ ಹೆಸರು ಇಡುತ್ತೇವೆಂದು ಹೊರಟವರು ಇನ್ನೊಂದು ವಿಷಯ ವಿಚಾರಿಸಿಕೊಳ್ಳಬೇಕು. ಅಜ್ಜಿಯ ಹೆಸರು ಯಾವುದು? ಉತ್ತರ ಕರ್ನಾಟಕದ ಹಲವು ಮನೆಗಳಲ್ಲಿ, ಕೊಂಕಣಿಗರಲ್ಲಿ, ಮದುವೆಯ ದಿನ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಉಂಗುರದಿಂದ ಬರೆದು ಸೊಸೆಯ ಹೆಸರನ್ನೇ ಬದಲಿಸುವ ಪದ್ಧತಿಯಿತ್ತು. ಧಾರವಾಡದ ಒಂದು ಮನೆಯಲ್ಲಿ ಮರಿಮಗಳ ತೊಟ್ಟಿಲಿಗೆ ಸಿದ್ಧತೆ ನಡೆದಿತ್ತು. ಎಂಬತ್ತು ದಾಟಿದ ಅಜ್ಜಿಯ ಬಳಿ ಮೊಮ್ಮಗನ ಹೆಂಡತಿ ಕುಳಿತು, “ಅಜ್ಜೀ, ಕೂಸಿಗೆ ನಿಮ್ಮ ಹೆಸರನ್ನೂ ಸೇರಿಸಬೇಕಂತ ಮಾಡೇವಿ” ಎಂದಳು. ಎಲ್ಲರೂ ನಿರೀಕ್ಷಿಸಿದ್ದು ಅಜ್ಜಿ ಕಣ್ಣೊರೆಸಿಕೊಂಡಾಳು ಎಂದು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ನಮ್ಮತ್ತಿಯವರು ಇಟ್ಟ ಹೆಸರವಾ. ತವರುಮನ್ಯಾಗ ನನ್ನ ಹೆಸರು ಬ್ಯಾರೇನ ಇತ್ತು” ಎಂದರು.

ಅವರ ಮಗನಿಗೇ ಅದು ಗೊತ್ತಿರಲಿಲ್ಲ. ಹೇಳಬೇಕಾದ ಅಣ್ಣತಮ್ಮಂದಿರು ತೀರಿಕೊಂಡಿದ್ದರು. ಹದಿನಾರನೆಯ ವಯಸ್ಸಿನಿಂದ ಆಕೆ ಸೊಸೆ, ವೈನಿ, ಅವ್ವ, ಅಜ್ಜಿ. ಗಂಡನಿಗೆ ‘ಇಕಿ’. ತವರಿನ ಆ ಹೆಸರು ಎರಡೇ ಅಕ್ಷರದ ಒಂದು ನದಿಯ ಹೆಸರು. ಇಂದಿನ ಯಾವ ಹೊಸ ಹೆಸರಿನ ಪಕ್ಕದಲ್ಲಿಟ್ಟರೂ ಹೊಂದುವಂಥದ್ದು. ಅದಾವುದೆಂದು ಇಲ್ಲಿ ಬರೆಯುವುದು ಬೇಡ. ಅದೀಗ ಒಂದು ಪುಟ್ಟ ಹುಡುಗಿಯ ಸ್ವಂತ ಸೊತ್ತು. ತೊಟ್ಟಿಲ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಅದನ್ನು ಹೇಳಿದಳು, ಸುತ್ತ ನಿಂತ ಹೆಂಗಸರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿ ನಕ್ಕರು. ಆಮೇಲೆ ಯಾರೋ ಕೂಸನ್ನು ಆ ಹೆಸರು ಹಿಡಿದು ಕರೆದಾಗ ಅತ್ತ ಅಜ್ಜಿಯೂ “ಓ” ಎಂದರಂತೆ.

ಇಂಥ ಹೆಸರು ಕೂಸಿನ ಪಾಲಿಗೆ ಬಂದ ಮೇಲೂ ಉಳಿಯುತ್ತದೆಂಬ ಭರವಸೆಯಿಲ್ಲ. ನಮ್ಮಲ್ಲಿ ಎರಡನೆಯ ಹೆಸರಿನ ಪಾಡು ಇನಿಷಿಯಲ್ ಆಗುವುದು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬುದು ಕೆ.ವಿ. ಪುಟ್ಟಪ್ಪ ಆಯಿತು, ಊರು, ತಂದೆ ಎರಡೂ ಒಂದೊಂದು ಅಕ್ಷರಕ್ಕೆ ಇಳಿದವು. ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರ ತಂದೆಯೂ ಒಂದು ‘ರಾ’ ಆಗಿ ನಿಂತರು. ಆ ಸಾಲಿನಲ್ಲಿ ತಾಯಿಗಂತೂ ಜಾಗವೇ ಇರಲಿಲ್ಲ. ಬೇಂದ್ರೆಯವರು ‘ಅಂಬಿಕಾತನಯದತ್ತ’ ಎಂದು ಬರೆದುಕೊಂಡಾಗ ತಾಯಿಯ ಹೆಸರು ಪೂರ್ತಿಯಾಗಿ, ಅದೂ ಮೊದಲಲ್ಲೇ, ಬಂದು ಕುಳಿತಿತು. ಕುವೆಂಪು ತಮ್ಮ ಗಂಡುಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ ಎಂದು ಜೋಡಿ ಹೆಸರಿಟ್ಟರು. ಹುಣ್ಣಿಮೆಯ ಚಂದ್ರನಿಗೆ ತೇಜಸ್ಸು, ಕೋಗಿಲೆಗೆ ಚೈತ್ರ. ಒಂದು ಇನ್ನೊಂದಕ್ಕೆ ಬೆಳಕು ಕೊಡುವ ಜೋಡಿಗಳವು. ಓದುಗರ ಬಾಯಲ್ಲಿ ನಿಂತದ್ದು ಎರಡನೆಯ ಹೆಸರಾದ ‘ತೇಜಸ್ವಿ’ಯೇ. ಎರಡನೆಯದೆಂದು ಹೆಸರು ಸೋಲಬೇಕಿಲ್ಲ. ಕರೆಯುವವರಿದ್ದರೆ ಅದೇ ಗೆಲ್ಲುತ್ತದೆ.

ಹೆಣ್ಣುಮಕ್ಕಳ ಪಾಲಿಗೆ ಈ ಮಾತು ಇನ್ನೂ ದೊಡ್ಡದು. 1912ರಲ್ಲಿ ಹುಟ್ಟಿ 1939ರಲ್ಲೇ ತೀರಿಕೊಂಡ ಕತೆಗಾರ್ತಿ ಗೌರಮ್ಮ ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ಅದರಲ್ಲಿ ಅವರದೆನ್ನುವ ಒಂದಕ್ಷರವೂ ಎದ್ದು ಕಾಣುವುದಿಲ್ಲ. ಕನ್ನಡಿಗರು ಆ ಹೆಸರನ್ನು ಮರೆತು, ಹಳೆಯ ಹೆಸರಿಗೆ ಊರನ್ನು ಜೋಡಿಸಿ ‘ಕೊಡಗಿನ ಗೌರಮ್ಮ’ ಎಂದು ಕರೆದರು. ಅದೇ ಉಳಿಯಿತು.

ಈಗ ಕಾಗದಪತ್ರದ ಮಾತು. ಆಸ್ಪತ್ರೆಯಲ್ಲಿ ಅವಸರಪಟ್ಟು ಹೆಸರು ಬರೆಸಬೇಕಾಗಿಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಹೆಸರಿಲ್ಲದೆಯೂ ಜನನವನ್ನು ನೋಂದಾಯಿಸಬಹುದು. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ ಶುಲ್ಕ ಕೊಟ್ಟು 15 ವರ್ಷದವರೆಗೂ ಸೇರಿಸಲು ಅವಕಾಶವಿದೆ. ಆದರೆ ಒಮ್ಮೆ ಬರೆಸಿದ ಮೇಲೆ ಅದಕ್ಕೆ ಬೆಲೆ ಹೆಚ್ಚು. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಆಧಾರ್‌ವರೆಗೆ ಹುಟ್ಟಿದ ದಿನ, ಸ್ಥಳಕ್ಕೆ ಜನನ ಪ್ರಮಾಣಪತ್ರವೇ ದಾಖಲೆ. ಆದ್ದರಿಂದ ಎರಡನೆಯ ಹೆಸರನ್ನು ಇನಿಷಿಯಲ್ ಮಾಡದೆ ಪೂರ್ತಿಯಾಗಿ ಬರೆಸುವುದು ಜಾಣತನ. ಪಾಸ್‌ಪೋರ್ಟಿನಲ್ಲಿ ಹೇಗೂ ಇನಿಷಿಯಲ್ ನಡೆಯದು, ಬಿಡಿಸಿಯೇ ಬರೆಯಬೇಕು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ‘ಮಿಡ್ಲ್ ನೇಮ್’ ಎಂಬ ಖಾನೆಯೇ ಸಿಗುತ್ತದೆ. ಅಜ್ಜಿಯನ್ನು ಕೂರಿಸಲು ಒಳ್ಳೆಯ ಜಾಗ. ಆದರೆ ಅಲ್ಲಿಯೂ ಅದು ಒಂದಕ್ಷರವಾಗಿ ಮುದುಡುವ ಭಯ ತಪ್ಪಿದ್ದಲ್ಲ.

ಖಾನೆ ತುಂಬಿದ ಮಾತ್ರಕ್ಕೆ ಹೆಸರು ಬದುಕುವುದಿಲ್ಲ. ಅಜ್ಜಿಯನ್ನು ಒಂದು ಕಾಲ ಮರ್ಯಾದೆಯ ಹೆಸರಿನಲ್ಲಿ ಮರೆಸಿತು. ಈ ಕಾಲ ಮಿಡ್ಲ್ ನೇಮಿನ ಹೆಸರಿನಲ್ಲಿ ಮರೆಸದಿರಲಿ. ವಿಶಾಲಾಕ್ಷಿ ಉದ್ದವಾಯಿತೇ, ವಿಶಾಲೂ ಎನ್ನಿ. ರುಕ್ಮಿಣಿಗೆ ರುಕ್ಕು ಇದೆ, ಜಾನಕಿಗೆ ಜಾನು ಇದೆ. ಶಾಲೆಯಲ್ಲಿ ಬೇಕಾದರೆ ಇರಾ ಆಗಿರಲಿ. ಸಂಜೆ ಊಟಕ್ಕೆ ಕರೆಯುವಾಗ, ಜ್ವರದಲ್ಲಿ ತಲೆ ನೇವರಿಸುವಾಗ, ತಪ್ಪು ಮಾಡಿದಾಗ ಗದರುವಾಗ, ದಿನಕ್ಕೊಮ್ಮೆಯಾದರೂ ಹಳೆಯ ಹೆಸರು ಬಾಯಿಗೆ ಬರಲಿ. ಬಯ್ಯಲು ಅಂಜಬೇಕಾದ ಕಾಲ ಹೋಯಿತು. ಹೆಸರಿನ ಒಡತಿ ಇನ್ನೂ ಮನೆಯಲ್ಲಿದ್ದರೆ, ಕೂಸಿಗೆ ಇಡುವ ಮುಂಚೆ ಒಮ್ಮೆ ಅವರನ್ನೇ ಕೇಳುವುದು ಒಳ್ಳೆಯದು. ಎಷ್ಟೋ ವರ್ಷದಿಂದ ಅವರನ್ನು ಯಾರೂ ಕೇಳಿರಲಾರರು.