ಪರಿಪೂರ್ಣ ಪ್ರೀತಿಯ ನಾಡು

ನವೆಂಬರ್ 1 ಬಂತೆಂದರೆ ಕಾಸರಗೋಡಿನ ಕಥೋಲಿಕ ಕನ್ನಡಿಗರಾದ ನಮ್ಮ ಮನಸ್ಸಿನಲ್ಲಿ ಹಲವು ಭಾವನೆಗಳು ಒಟ್ಟಿಗೆ ಏಳುತ್ತವೆ. ಗಡಿಯ ಆಚೆ ಅಂದು ರಾಜ್ಯೋತ್ಸವದ ಸಂಭ್ರಮ. 1956ರ ಅದೇ ದಿನ ನಮ್ಮ ತಾಲೂಕು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಧರ್ಮಸಭೆಯ ಪಂಚಾಂಗದಲ್ಲಿ ಅಂದು ಸಕಲ ಸಂತರ ಹಬ್ಬ. ಮರುದಿನ ಮೃತರ ಸ್ಮರಣೆ. ಮನೆಮಾತು ಕೊಂಕಣಿ, ಅಂಗಳದ ಮಾತು ತುಳು, ಕಚೇರಿಯ ಮಾತು ಮಲೆಯಾಳವಾದರೂ ಶಾಲೆಯಲ್ಲಿ ಕಲಿತದ್ದು, ಮೂವತ್ತಕ್ಕೂ ಹೆಚ್ಚು ವರ್ಷ ಕಲಿಸಿದ್ದು ಕನ್ನಡವನ್ನು. ಆದ್ದರಿಂದ ಪರಲೋಕದ ವಿಚಾರವನ್ನೂ ನಾವು ಕನ್ನಡದಲ್ಲಿಯೇ ಚಿಂತಿಸುತ್ತೇವೆ.

ಕಳೆದ ನವೆಂಬರ್ 2ರಂದು ಇಗರ್ಜಿಯ ಸಿಮಿತ್ರಿಯಲ್ಲಿ ತಂದೆತಾಯಿಯರ ಸಮಾಧಿಗೆ ಹೂವಿಟ್ಟು ಮೊಂಬತ್ತಿ ಹಚ್ಚಿದೆವು. ನಾಲ್ಕು ಹೆಜ್ಜೆ ಆಚೆ ನಮ್ಮ ತಮ್ಮನ ಸಮಾಧಿ. ಅಲ್ಲಿಯೂ ಒಂದು ಮೊಂಬತ್ತಿ ಹಚ್ಚಿ ಬೇಗನೆ ಹಿಂದಿರುಗಿದೆವು. ಜೊತೆಗಿದ್ದ ಮೊಮ್ಮಗಳು ಕೇಳಿದಳು: “ಅಜ್ಜಾ, ಸ್ವರ್ಗದಲ್ಲಾದರೂ ನೀವು ಚಿಕ್ಕಜ್ಜನ ಹತ್ತಿರ ಮಾತಾಡುತ್ತೀರಾ?” ತರಗತಿಯಲ್ಲಿ ಎಷ್ಟೋ ಪ್ರಶ್ನೆಗಳಿಗೆ ಉತ್ತರಿಸಿದ ನಮಗೆ ಅಂದು ಉತ್ತರ ಹೊಳೆಯಲಿಲ್ಲ.

ಆ ಮಗುವಿಗೆ ಗೊತ್ತಿದ್ದ ಸಂಗತಿಯನ್ನು ಓದುಗರಿಗೂ ಹೇಳಬೇಕು. ನಮ್ಮ ತಂದೆಯವರು ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆಯಿಸಿ ಒಂದು ಸುರಂಗ ಮಾಡಿಸಿದ್ದರು. ಸುರಂಗದ ನೀರಿಗೆ ಹಗ್ಗ ಬೇಡ, ರಾಟೆ ಬೇಡ, ಪಂಪೂ ಬೇಡ. ಒಳಗೆ ಒಸರಿದ ನೀರು ತಾನಾಗಿ ಹೊರಗೆ ಹರಿದು ತೊಟ್ಟಿಗೆ ಬೀಳುತ್ತದೆ. ಅಲ್ಲಿಂದ ಅಡಿಕೆ ದಂಬೆಯಲ್ಲಿ ತೋಟಕ್ಕೆ ಬಿಡುತ್ತಿದ್ದೆವು. ಪಾಲಾದಾಗ ಸುರಂಗ ನಮ್ಮ ಭಾಗಕ್ಕೆ ಬಂತು. ಕೆಳಗಿನ ತೋಟ ತಮ್ಮನದಾಯಿತು. ದಿನ ಬಿಟ್ಟು ದಿನ ನೀರು ಎಂದು ಬಾಯಿಮಾತಿನ ಒಪ್ಪಂದವಾಗಿತ್ತು. ಒಂದು ಬೇಸಿಗೆಯಲ್ಲಿ ಒಸರು ಸಣ್ಣದಾಯಿತು. ಸರದಿಯ ಲೆಕ್ಕದಲ್ಲಿ ಮಾತಿಗೆ ಮಾತು ಬೆಳೆಯಿತು. ಕಾಗದದಲ್ಲಿ ನೀರಿನ ಹಕ್ಕು ಬರೆದಿಲ್ಲವಲ್ಲ ಎಂದು ನಾವು ದಂಬೆಯನ್ನು ತೆಗೆದು ಬದಿಗಿಟ್ಟೆವು. ತಮ್ಮ ನೆಟ್ಟ ಎಳೆಯ ಅಡಿಕೆ ಸಸಿಗಳು ಏಪ್ರಿಲಿನಲ್ಲಿ ಒಣಗಿದವು. ಅನಂತರ 11 ವರ್ಷ ನಮ್ಮಿಬ್ಬರಲ್ಲಿ ಮಾತಿರಲಿಲ್ಲ. ಪ್ರತಿ ಆದಿತ್ಯವಾರ ಒಂದೇ ಇಗರ್ಜಿಯಲ್ಲಿ ಒಂದೇ ಪರಮಪ್ರಸಾದವನ್ನು ಸ್ವೀಕರಿಸಿ, ಬೇರೆ ಬೇರೆ ಬಾಗಿಲಿನಿಂದ ಹೊರಗೆ ಬರುತ್ತಿದ್ದೆವು. ಆತ ಆಸ್ಪತ್ರೆ ಸೇರಿದ ಸುದ್ದಿ ತಿಳಿದೂ ನಾಳೆ ಹೋಗೋಣವೆಂದು ಎರಡು ದಿನ ಕಳೆದೆವು. ಮೂರನೆಯ ದಿನ ಹೋದಾಗ ಮಾತನಾಡಲು ತಮ್ಮನೇ ಇರಲಿಲ್ಲ.

ಬಾಲ್ಯದಲ್ಲಿ ಧರ್ಮೋಪದೇಶದ ತರಗತಿಯಲ್ಲಿ ಕೇಳಿದ ಸ್ವರ್ಗವೆಂದರೆ ದೇವದೂತರ ಹಾಡು, ದಣಿವಿಲ್ಲದ ವಿಶ್ರಾಂತಿ. ಧರ್ಮಸಭೆಯ ಬೋಧನೆ ಅದಕ್ಕಿಂತ ಗಹನವಾದುದು. ಸ್ವರ್ಗವೆಂದರೆ ದೇವರನ್ನು ಮುಖಾಮುಖಿಯಾಗಿ ಕಾಣುವುದು, ಆ ದರ್ಶನದಲ್ಲಿ ಸಕಲ ಸಂತರೊಡನೆ ಒಂದಾಗುವುದು. ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ವಿಶ್ವಾಸ, ಭರವಸೆ, ಪ್ರೀತಿ ಎಂಬ ಮೂರನ್ನು ಹೇಳಿ ಪ್ರೀತಿಯೇ ಶ್ರೇಷ್ಠವೆನ್ನುತ್ತಾನೆ. ಕಂಡ ಮೇಲೆ ವಿಶ್ವಾಸದ ಕೆಲಸ ಮುಗಿಯಿತು, ಪಡೆದ ಮೇಲೆ ಭರವಸೆಯ ಕೆಲಸ ಮುಗಿಯಿತು. ಪ್ರೀತಿಗೆ ಮಾತ್ರ ಅಲ್ಲಿಯೂ ಮುಕ್ತಾಯವಿಲ್ಲ.

ಆದರೆ ಅಲ್ಲಿ ಎಲ್ಲರೂ ಸಮಾನರೇ? ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆಯಾದರೆ ಅಸೂಯೆ ಹುಟ್ಟದೇ? ಫ್ರಾನ್ಸಿನ ಲಿಸ್ಯೂ ಪಟ್ಟಣದ ಸಂತ ತೆರೇಸಾಳಿಗೂ (1873–1897) ಬಾಲ್ಯದಲ್ಲಿ ಇದೇ ಸಂದೇಹ ಬಂದಿತ್ತು. ಆಕೆಯ ಅಕ್ಕ ಪೌಲಿನ್ ತಂದೆಯ ದೊಡ್ಡ ಲೋಟವನ್ನೂ ತೆರೇಸಾಳ ಪುಟ್ಟ ಹೊಲಿಗೆಯ ಬೆರಳುಟೋಪಿಯನ್ನೂ ಜೊತೆಗಿಟ್ಟು ಎರಡರಲ್ಲಿಯೂ ನೀರು ತುಂಬಿಸಿ, ಯಾವುದು ಹೆಚ್ಚು ತುಂಬಿದೆ ಎಂದು ಕೇಳಿದಳು. ಎರಡೂ ಅಂಚಿನವರೆಗೆ ತುಂಬಿದ್ದವು. ಒಂದರಲ್ಲಿಯೂ ಇನ್ನೊಂದು ಹನಿಗೆ ಜಾಗವಿರಲಿಲ್ಲ. ಸ್ವರ್ಗದಲ್ಲಿ ಪ್ರತಿಯೊಂದು ಆತ್ಮವೂ ತನ್ನ ಅಳತೆಗೆ ತಕ್ಕಂತೆ ತುಂಬಿರುವುದರಿಂದ ಕೊನೆಯವನಿಗೆ ಮೊದಲಿನವನ ಮೇಲೆ ಹೊಟ್ಟೆಕಿಚ್ಚಿಲ್ಲ. ಈ ದೃಷ್ಟಾಂತವನ್ನು ನಾವು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇವೆ. ನಮ್ಮ ತೊಟ್ಟಿ ತುಂಬಿ ಹೊರಚೆಲ್ಲುತ್ತಿದ್ದಾಗಲೂ ತಮ್ಮನ ಪಾಲಿನ ಹನಿಗಳನ್ನು ಎಣಿಸುತ್ತಿದ್ದವರು ನಾವೇ ಎಂಬುದು ಆಗ ನೆನಪಾಗಲಿಲ್ಲ.

ಸಂತ ಅಗಸ್ಟೀನನ ತಾಯಿ ಮೋನಿಕಾಳ ಕಥೆಯೂ ನಮ್ಮನ್ನು ಕಾಡುತ್ತದೆ. 387ರಲ್ಲಿ ಆಫ್ರಿಕದ ಊರಿಗೆ ಮರಳಲೆಂದು ತಾಯಿಮಗ ರೋಮಿನ ಬಂದರಾದ ಓಸ್ತಿಯಾದಲ್ಲಿ ತಂಗಿದ್ದರು. ಅಲ್ಲಿ ಕಿಟಕಿಯ ಬಳಿ ನಿಂತು ಇಬ್ಬರೂ ಸಂತರ ನಿತ್ಯಜೀವದ ವಿಷಯ ಮಾತನಾಡಿದರು. ಕೆಲವೇ ದಿನಗಳಲ್ಲಿ ತಾಯಿ ಜ್ವರದಿಂದ ಮಲಗಿದಳು. ಊರಿನಲ್ಲಿ ಗಂಡನ ಪಕ್ಕದಲ್ಲಿಯೇ ಮಣ್ಣಾಗಬೇಕೆಂದು ಜಾಗವನ್ನು ಸಿದ್ಧಮಾಡಿಸಿದ್ದವಳು, ಈ ದೇಹವನ್ನು ಎಲ್ಲಿ ಬೇಕಾದರೂ ಇಡಿ, ಬಲಿಪೀಠದ ಮುಂದೆ ನನ್ನನ್ನು ನೆನೆಯಿರಿ, ಅಷ್ಟು ಸಾಕು ಎಂದು ಮಕ್ಕಳಿಗೆ ಹೇಳಿದಳು. ಸ್ವರ್ಗದ ಪ್ರೀತಿ ಹತ್ತಿರವಾದಂತೆ ನನ್ನ ಮಣ್ಣು ಎಂಬ ಹಿಡಿತ ತಾನಾಗಿ ಸಡಿಲವಾಯಿತು. ನಮ್ಮ ಹಿಡಿತವೋ ತಮ್ಮ ಮಣ್ಣಾಗುವವರೆಗೂ ಸಡಿಲವಾಗಲಿಲ್ಲ.

ಹಾಗಾದರೆ ನಮ್ಮಂಥವರಿಗೆ ಆ ನಾಡಿನಲ್ಲಿ ಪ್ರವೇಶವುಂಟೇ? ಮಂಜೇಶ್ವರದ ಗೋವಿಂದ ಪೈಗಳು ಯೇಸುಸ್ವಾಮಿಯ ಕೊನೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯವಾಗಿ ಕನ್ನಡಕ್ಕೆ ಕೊಟ್ಟರು. ಆ ಬೆಟ್ಟದಲ್ಲಿ ಶಿಲುಬೆಯ ಮೇಲಿಂದ ಸ್ವಾಮಿ ಪರಲೋಕದ ಮಾತು ಕೊಟ್ಟದ್ದು ಪಕ್ಕದ ಶಿಲುಬೆಯಲ್ಲಿದ್ದ ಅಪರಾಧಿಗೆ. ತಾನು ತಪ್ಪಿತಸ್ಥನೆಂದು ಒಪ್ಪಿಕೊಂಡದ್ದೇ ಅವನ ಯೋಗ್ಯತೆ. ಇನ್ನು ಶುದ್ಧೀಕರಣ ಸ್ಥಳದ ಬೆಂಕಿಯ ಹೆಸರು ಹೇಳಿ ನಮ್ಮನ್ನು ಹಿರಿಯರು ಹೆದರಿಸುತ್ತಿದ್ದರು. 2007ರಲ್ಲಿ ಹದಿನಾರನೆಯ ಬೆನೆಡಿಕ್ಟ್ ಜಗದ್ಗುರುಗಳು ಭರವಸೆಯನ್ನು ಕುರಿತ ತಮ್ಮ ವಿಶ್ವಪತ್ರದಲ್ಲಿ, ಆ ಬೆಂಕಿ ಕ್ರಿಸ್ತನೇ, ಅವನ ಎದುರು ನಿಲ್ಲುವುದೇ ಸುಡುತ್ತದೆ ಮತ್ತು ಗುಣಪಡಿಸುತ್ತದೆ ಎಂಬ ಕೆಲವು ದೈವಶಾಸ್ತ್ರಜ್ಞರ ಅಭಿಪ್ರಾಯವನ್ನು ವಿವರಿಸಿದ್ದಾರೆ. ಅದನ್ನು ಓದಿದಾಗ, ಸ್ವಾಮಿಯ ಪಕ್ಕದಲ್ಲಿ ನಮ್ಮ ತಮ್ಮನೂ ನಿಂತಿರುವನೆಂದು ನಮಗೆ ತೋರಿತು. ನಾವು ಪ್ರೀತಿಸದೆ ಉಳಿಸಿದವರನ್ನು ದಾಟಿಕೊಂಡು ಪ್ರೀತಿಯ ನಾಡಿಗೆ ಬೇರೆ ದಾರಿಯಿಲ್ಲ.

ಈ ಫೆಬ್ರವರಿಯಲ್ಲಿ ತೊಟ್ಟಿಯಿಂದ ಕೆಳಗಿನ ತೋಟಕ್ಕೆ ಪೈಪು ಹಾಕಿಸಿದೆವು. ಸರದಿಯ ಲೆಕ್ಕವಿಲ್ಲ, ನೀರು ಇರುವಷ್ಟು ದಿನ ಎರಡೂ ಕಡೆಗೆ ಹರಿಯಲಿ ಎಂದು ವಕೀಲರಿಂದ ಕಾಗದವನ್ನೂ ಮಾಡಿಸಿ ತಮ್ಮನ ಹೆಂಡತಿಯ ಕೈಗೆ ಕೊಡಲು ಹೋದೆವು. ಆಕೆ ಕಾಗದವನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಭಾವ, ಅವರು ಇದ್ದಾಗ ಇದನ್ನು ಮಾಡಬಹುದಿತ್ತು” ಎಂದಳು. ನಾವು ಹೌದೆಂದೆವು. ತಪ್ಪು ನಮ್ಮದೆಂದು ಆ ಮನೆಯ ಜಗಲಿಯಲ್ಲಿ ಕುಳಿತು ಮೊದಲ ಸಲ ಬಾಯಿಬಿಟ್ಟು ಹೇಳಿದೆವು. ಆಕೆ ಒಳಗೆ ಹೋಗಿ ಕಾಫಿ ತಂದಿಟ್ಟಳು. ಕ್ಷಮಿಸಿದೆನೆಂದು ಹೇಳಲಿಲ್ಲ, ನಾವೂ ಕೇಳಿ ಪೀಡಿಸಲಿಲ್ಲ.

ಮನೆಗೆ ಬಂದು ಮೊಮ್ಮಗಳನ್ನು ಕರೆದು ಅವಳ ಪ್ರಶ್ನೆಗೆ ಉತ್ತರ ಹೇಳಿದೆವು: “ಮಾತಾಡುತ್ತೇವೆ ಮಗಾ. ಮೊದಲ ಮಾತು ನಮ್ಮದೇ ಆಗಿರಬೇಕು.”

ಓದುಗ ಬಂಧುಗಳಲ್ಲಿ ಯಾರ ಮನೆಯಲ್ಲಾದರೂ ಇಂತಹ ದಂಬೆಯೊಂದನ್ನು ತೆಗೆದು ಬದಿಗಿಟ್ಟಿದ್ದರೆ, ದಯವಿಟ್ಟು ಮುಂದಿನ ನವೆಂಬರಿಗಾಗಿ ಕಾಯಬೇಡಿ.