ಜಾರದ ಸೆರಗು

ಬೀದರಿನ ನಾನಕ್ ಝೀರಾ ಗುರುದ್ವಾರದೊಳಗೆ ಬರಿದಲೆಯಲ್ಲಿ ಹೋಗುವಂತಿಲ್ಲ. ನಾನೇನೋ ಕರವಸ್ತ್ರ ಬಿಗಿದು ನಿಶ್ಚಿಂತನಾದೆ. ನನ್ನಾಕೆಯ ಮೈಸೂರು ರೇಷ್ಮೆಯ ಸೆರಗು ಮಾತ್ರ ತಲೆಯ ಮೇಲೆ ನಿಲ್ಲಲೊಲ್ಲದು. ಬಾಗಿದಾಗಲೆಲ್ಲ ಜಾರಿ ಹೆಗಲಿಗಿಳಿಯುತ್ತಿತ್ತು.

ಪಕ್ಕದಲ್ಲಿದ್ದ ಸಿಖ್ ವೃದ್ಧೆಯೊಬ್ಬರು ನಕ್ಕರು. “ರೇಷ್ಮೆ ಜಾರುತ್ತದೆ ಮಗಳೇ, ಹತ್ತಿಯ ಮಲ್‌ಮಲ್ ಕಚ್ಚಿಕೊಳ್ಳುತ್ತದೆ” ಎಂದು ಹಿಂದಿಯಲ್ಲಿ ಹೇಳಿ ತಮ್ಮ ಚುನ್ನಿಯನ್ನೇ ತೋರಿಸಿದರು. ಎರಡೂವರೆ ಗಜದಷ್ಟು ಬಟ್ಟೆ. ಅಂಚು ಹಣೆಯ ಮೇಲೆ, ಒಂದು ತುದಿ ಎದೆಯ ಮೇಲಿಂದ ಎದುರು ಹೆಗಲಿಗೆ, ಹಿಂದೆ ತುರುಬಿಗೊಂದು ಪಿನ್ನು. ತುರುಬಿನೊಳಗೆ ಮರದ ಪುಟ್ಟ ಬಾಚಣಿಗೆ, ಕಂಘಾ. “ಕತ್ತರಿ ಕಾಣದ ಈ ಕೂದಲೇ ಇದಕ್ಕೆ ಆಧಾರ” ಎಂದವರು, ತಮ್ಮದೊಂದು ಪಿನ್ನು ತೆಗೆದು ನನ್ನಾಕೆಯ ಸೆರಗನ್ನೂ ತುರುಬಿಗೆ ಸೇರಿಸಿದರು. ಅದು ಮತ್ತೆ ಜಾರಲಿಲ್ಲ.

ನನಗೆ ಅಜ್ಜಿಯ ನೆನಪಾಯಿತು. ವಿಧವೆಯಾದ ದಿನದಿಂದ ಆಕೆಯದೂ ಮುಚ್ಚಿದ ತಲೆಯೇ. ಆದರೆ ಪಿನ್ನು ಸಿಕ್ಕಿಸಲು ಕೂದಲನ್ನು ಯಾರೂ ಉಳಿಸಿರಲಿಲ್ಲ. ಕೆಂಪು ಸೀರೆಯ ಸೆರಗನ್ನು ಮತ್ತೆ ಮತ್ತೆ ಕಿವಿಯ ಹಿಂದಕ್ಕೆ ಒತ್ತಿಕೊಳ್ಳುತ್ತಿದ್ದಳು. ಆರು ವರ್ಷದವನಿದ್ದಾಗ ಒಮ್ಮೆ ನೆಂಟರೆದುರು, ಆಟಕ್ಕೆಂದು, ಅದನ್ನು ಎಳೆದುಬಿಟ್ಟೆ. ಅಜ್ಜಿ ಬೈಯಲಿಲ್ಲ, ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು.