ಕಡಲಾಚೆ ಉಳಿದದ್ದು, ಅಳಿದದ್ದು

ಭೂಪಟದಲ್ಲಿ ಪೆಸಿಫಿಕ್ ಸಾಗರವನ್ನೊಮ್ಮೆ ನೋಡಿ. ಜಗತ್ತಿನ ನೆಲವನ್ನೆಲ್ಲ ತಂದು ಹರಡಿದರೂ ಅದರ ವಿಸ್ತಾರವನ್ನು ಮುಚ್ಚಲಾಗದು. ಆ ನೀಲಿಯಲ್ಲಿ ಸಾಸಿವೆ ಚೆಲ್ಲಿದಂತೆ ಸಾವಿರಾರು ದ್ವೀಪಗಳು, ನೂರಾರು ಭಾಷೆಗಳು. ಅಲ್ಲಿ ಸಂಚರಿಸುವಾಗ ನನ್ನನ್ನು ಹೆಚ್ಚು ಕಾಡಿದ್ದು ಕಡಲ ಸೊಬಗಲ್ಲ, ಎರಡು ದ್ವೀಪನಾಡುಗಳ ಮುಸ್ಲಿಮರ ಕಥೆ.

ಮೊದಲನೆಯದು ಫಿಜಿ. 1879ರಿಂದ 1916ರ ವರೆಗೆ ಬ್ರಿಟಿಷರು ಸುಮಾರು 60 ಸಾವಿರ ಭಾರತೀಯರನ್ನು ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಸಾಗಿಸಿದರು. 'ಅಗ್ರಿಮೆಂಟ್' ಅವರ ಬಾಯಲ್ಲಿ 'ಗಿರ್‌ಮಿಟ್' ಆಯಿತು. ಅವರಲ್ಲಿ ಮುಸ್ಲಿಮರೂ ಇದ್ದರು. ನೂರು ಗಂಡಸರಿಗೆ ನಲವತ್ತು ಹೆಂಗಸರನ್ನು ಕಳುಹಿಸಬೇಕೆಂಬ ನಿಯಮವಿತ್ತು. ಅವರ ಬವಣೆ ಅಷ್ಟಿಷ್ಟಲ್ಲ. ಆದರೂ ಸಂಸಾರಗಳು ಬೆಳೆದವು. ಮಸೀದಿಗಳು ಎದ್ದವು. 1926ರಲ್ಲಿ ಫಿಜಿ ಮುಸ್ಲಿಂ ಲೀಗ್ ಸ್ಥಾಪನೆಯಾಗಿ ಶಾಲೆಗಳನ್ನು ನಡೆಸತೊಡಗಿತು. ಇಂದಿಗೂ ಅಲ್ಲಿ ಅಝಾನ್ ಕೇಳಿಸುತ್ತದೆ.

ಅಲ್ಲಿಂದ ಪಶ್ಚಿಮಕ್ಕೆ, ವಿಮಾನದಲ್ಲಿ ಕೆಲವೇ ಗಂಟೆಗಳ ದೂರದಲ್ಲಿ, ಫ್ರೆಂಚರ ಅಧೀನದ ನ್ಯೂ ಕ್ಯಾಲೆಡೋನಿಯಾ ಇದೆ. 1871ರಲ್ಲಿ ಫ್ರೆಂಚ್ ಆಡಳಿತದ ವಿರುದ್ಧ ದಂಗೆಯೆದ್ದ ಅಲ್ಜೀರಿಯನ್ನರನ್ನು ಕೈದಿಗಳಾಗಿ ಅಲ್ಲಿಗೆ ಗಡಿಪಾರು ಮಾಡಲಾಯಿತು. ಅವರೊಂದಿಗೆ ಅವರ ಹೆಂಗಸರನ್ನು ಕಳುಹಿಸಲಿಲ್ಲ. ಅಲ್ಲೇ ಸಿಕ್ಕ ಬೇರೆ ಜನಾಂಗದ ಹೆಂಗಸರನ್ನು ಮದುವೆಯಾದರು. ಮಕ್ಕಳಿಗೆ ಫ್ರೆಂಚ್ ಹೆಸರುಗಳು ಬಂದವು. ಕಾಲ ಕಳೆದಂತೆ ಅರಬಿ ಮರೆತುಹೋಯಿತು, ಹೆಚ್ಚಿನ ಮನೆಗಳಲ್ಲಿ ನಮಾಝೂ ನಿಂತುಹೋಯಿತು. ಬುರಾಯ್ ಪಟ್ಟಣದ ಬಳಿಯ ನೆಸಾಡಿಯುವಿನಲ್ಲಿ ಅವರ ಕಬರಸ್ತಾನ ಉಳಿದಿದೆ. ಈಚಿನ ದಶಕಗಳಲ್ಲಿ ಆ ವಂಶದ ಕೆಲವರು ತಮ್ಮ ಬೇರುಗಳನ್ನು ಹುಡುಕುತ್ತಾ ಅಲ್ಜೀರಿಯಾಕ್ಕೂ ಹೋಗಿಬಂದಿದ್ದಾರೆ.

ಸಾಗರ ಒಂದೇ, ವಿಶ್ವಾಸವೂ ಒಂದೇ. ಹಾಗಾದರೆ ಈ ವ್ಯತ್ಯಾಸ ಏಕೆ? ಕಾರಣಗಳು ಹಲವಿರಬಹುದು. ನನಗಂತೂ ಎದ್ದು ಕಂಡದ್ದು ಒಂದೇ: ಫಿಜಿಯ ಮನೆಗಳಲ್ಲಿ ಕಲಿಸಲು ತಾಯಂದಿರಿದ್ದರು. ಮಗುವನ್ನು ಮಲಗಿಸುವಾಗ ಕಿವಿಗೆ ಬೀಳುವ ಬಿಸ್ಮಿಲ್ಲಾಹ್ ಯಾವ ಕಾನೂನಿಗೂ ಸುಲಭದಲ್ಲಿ ಜಗ್ಗದು. ಆ ಅಲ್ಜೀರಿಯನ್ನರನ್ನು ದೂರುವಂತಿಲ್ಲ. ಅವರಿಂದ ಅದೆಲ್ಲವನ್ನೂ ಕಿತ್ತುಕೊಳ್ಳಲಾಗಿತ್ತು.

ಆದರೆ ನಮ್ಮಿಂದ ಕಿತ್ತುಕೊಂಡವರು ಯಾರು? ನಮ್ಮ ಮಕ್ಕಳು ಇಂದು ಕೊಲ್ಲಿ ನಾಡುಗಳಲ್ಲಿ, ಆಸ್ಟ್ರೇಲಿಯಾದಲ್ಲಿ ಸ್ವಂತ ಇಚ್ಛೆಯಿಂದ ನೆಲೆಸಿದ್ದಾರೆ. ಹೆಸರು ಬದಲಿಸೆಂದು ಯಾರೂ ಹೇಳುವುದಿಲ್ಲ. ಪ್ರತಿದಿನ ಫೋನಿನಲ್ಲಿ ಮುಖ ನೋಡುತ್ತೇವೆ. "ಊಟ ಆಯಿತಾ" ಎಂದು ಕೇಳಿ ಮುಗಿಸುತ್ತೇವೆ. ಮೊಮ್ಮಗುವಿಗೆ ಅಜ್ಜಿಯ ಮಾತು ಅರ್ಥವಾಗುತ್ತದೆಯೇ? ಒಂದು ಪುಟ್ಟ ಸೂರಃ ಬರುತ್ತದೆಯೇ? ಇಂದು ಫೋನ್ ಮಾಡಿದಾಗ ಅದನ್ನೂ ಒಮ್ಮೆ ಕೇಳಿ ನೋಡಿ.